ಉಸಿರಾಡುವ ಕೋಶಕ್ಕೊಂದು ಶಾಲು

ಸೋತವನನ್ನು ಸಮಾಧಾನ ಮಾಡಲು ನಾಲ್ಕು ಜನ ಬರುತ್ತಾರೆ. ಆದರೆ ಗೆದ್ದೆನೆಂದು ಊರಿಗೆಲ್ಲ ಹೇಳಿಕೊಂಡು, ಪೇಡೆಯನ್ನೂ ಹಂಚಿ, ಆಮೇಲೆ ಸೋತದ್ದು ಗೊತ್ತಾದವನ ಪಾಡು ಏನೆಂದು ನನ್ನನ್ನು ಕೇಳಿ. ನಾನು ಕೊಪ್ಪದ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಪಾಠದ ಜೊತೆಗೇ ಆರು ವರ್ಷ ಪಿಎಚ್.ಡಿ. ಎಂದು ಹೆಣಗಿದೆ. ವಿಶ್ವವಿದ್ಯಾಲಯದವರು ಎರಡು ಸಲ ಗಡುವು ಮುಂದೆ ಹಾಕಿ, ಮೂರನೆಯ ಸಲ ಇದೇ ಕೊನೆ ಎಂದು ಕಾಗದ ಬರೆದಿದ್ದರು. ಪ್ರಬಂಧ ಒಪ್ಪಿಸಲು ಉಳಿದದ್ದು ಒಂದೇ ತಿಂಗಳು.

ವಿಷಯ, ಗಾಳಿಯನ್ನು ತಾನೇ ಉಸಿರಾಡುವ ಇಂಧನ ಕೋಶದ ಗಣಿತ ಮಾದರಿ. ಹೆದರಬೇಡಿ. ಅದು ಅಂಗೈಯಗಲದ ಒಂದು ಪೆಟ್ಟಿಗೆ. ಒಂದು ಕಡೆಯಿಂದ ಹೈಡ್ರೋಜನ್ ಕೊಟ್ಟರೆ ಸಾಕು. ಇನ್ನೊಂದು ಕಡೆ ಅದು ಫ್ಯಾನು, ಪಂಪುಗಳ ಹಂಗಿಲ್ಲದೆ ಸುತ್ತಲಿನ ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ. ಕರೆಂಟು ಬರುತ್ತದೆ, ಜೊತೆಗೆ ಒಂದಿಷ್ಟು ನೀರು. ನೀರು ಹೆಚ್ಚಾದರೆ ಕೋಶಕ್ಕೆ ಉಸಿರು ಕಟ್ಟುತ್ತದೆ, ಕಡಿಮೆಯಾದರೆ ಒಳಗಿನ ಪೊರೆ ಒಣಗುತ್ತದೆ. ಯಾವುದು ಎಷ್ಟೆಷ್ಟು ಎಂದು ಸಮೀಕರಣ ಬರೆದು ಕಂಪ್ಯೂಟರಿನಲ್ಲಿ ಬಿಡಿಸುವುದು ನನ್ನ ಕೆಲಸ. ಕೋಶವನ್ನು ನಾನು ಕಣ್ಣಾರೆ ಕಂಡವನೇ ಅಲ್ಲ. ಆದರೂ ಕರೆಂಟು ಹೋದಾಗಲೆಲ್ಲ ಎದುರುಮನೆಯವರು, “ನಿಮ್ದು ಒಂದು ಹಚ್ಚಿ ಮಾರಾಯ್ರೆ” ಎನ್ನುವರು. ನನ್ನದು ಕಾಗದದ ಮೇಲೆ ಮಾತ್ರ ನಡೆಯುವುದು ಎಂದರೆ, “ಹಂಗಾರೆ ಸೀಮೆಎಣ್ಣೆನೇ ಸೈ” ಎಂದು ಒಳಗೆ ಹೋಗುವರು.

ಮಾದರಿ ಸರಿಯೆನ್ನಿಸಬೇಕಾದರೆ ನನ್ನ ಲೆಕ್ಕದ ಗೆರೆ, ಪ್ರಯೋಗಾಲಯದವರು ಅಳೆದು ಪ್ರಕಟಿಸಿದ ಗೆರೆಯ ಹತ್ತಿರ ಬರಬೇಕು. ಆರು ವರ್ಷವಾಗುತ್ತ ಬಂದರೂ ಬರಲಿಲ್ಲ. ಒಮ್ಮೆಯಂತೂ ನನ್ನ ಕೋಶದೊಳಗಿನ ಆಮ್ಲಜನಕ ಸೊನ್ನೆಗಿಂತ ಕೆಳಗಿಳಿಯಿತು. ಇಲ್ಲದ ಗಾಳಿಯನ್ನು ಉಸಿರಾಡುವ ಯಂತ್ರವನ್ನು ಕಂಡುಹಿಡಿದವನು ನಾನೊಬ್ಬನೇ ಇರಬೇಕು. ಹೀಗಿರುವಾಗ ಒಂದು ಭಾನುವಾರ ಎರಡೂ ಗೆರೆಗಳು ಒಂದರ ಮೇಲೊಂದು ಕೂತವು. ಕೂದಲೆಳೆಯ ವ್ಯತ್ಯಾಸವಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಆರು ವರ್ಷ ಪಿಎಚ್.ಡಿ. ಗೈಡಿನಿಂದ ಬೈಸಿಕೊಂಡವನಿಗೆ ಅನುಮಾನಪಡುವ ತ್ರಾಣವೆಲ್ಲಿ? ಮರುದಿನವೇ ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿದೆ.

ಸುದ್ದಿ ಶೃಂಗೇರಿಯಲ್ಲಿರುವ ನನ್ನ ಹೆಂಡತಿ ಸುಮಾಳ ಸೋದರಮಾವ ಸುಬ್ರಾಯರಿಗೆ ಮುಟ್ಟಿತು. ಅವರದೊಂದು ಸಂಘ, ಅದಕ್ಕೆ ವರ್ಷಕ್ಕೊಬ್ಬರನ್ನು ಸನ್ಮಾನಿಸುವ ಹಟ. ಹಿಂದಿನ ವರ್ಷ ನರಸಿಂಹರಾಜಪುರದಲ್ಲಿ ನಿವೃತ್ತರಾದ ಗುಮಾಸ್ತರೊಬ್ಬರಿಗೆ ಶಾಲು ಹೊದಿಸಿ ಆಗಿತ್ತು. ಈ ವರ್ಷ ಯಾರೂ ಸಿಕ್ಕಿರಲಿಲ್ಲ. ನಾನು ಸಿಕ್ಕಿದೆ.

ಸನ್ಮಾನದ ದಿನ ಬೆಳಿಗ್ಗೆ ಸುಮಾ ನನ್ನ ಪ್ರಬಂಧದ ಕೊನೆಯ ಕೋಷ್ಟಕ ಟೈಪ್ ಮಾಡುತ್ತಿದ್ದಳು. “ರೀ, ಈ ಎರಡು ಕಾಲಂ ಒಂದೇ ಅಲ್ವಾ? ಒಂದನ್ನ ಬಿಟ್ರೆ ಎಂತ? ನಂಗೆ ಟೈಪ್ ಮಾಡೋದಾದ್ರೂ ಉಳೀತಿತ್ತು.”

“ಒಂದು ಪ್ರಯೋಗದ್ದು, ಇನ್ನೊಂದು ನನ್ನದು. ಹತ್ತಿರ ಹತ್ತಿರ ಇರ್ಬೇಕು ಅದು.”

“ಹತ್ತಿರ ಎಂತದು? ಕೊನೇ ಅಂಕಿವರೆಗೂ ಅದೇ ಉಂಟು.”

ಹೋಗಿ ನೋಡಿದೆ. ಕಣ್ತಪ್ಪಿನಿಂದ ಪ್ರಯೋಗದವರ ಅಂಕಿಗಳನ್ನೇ ಕಂಪ್ಯೂಟರಿಗೆ ಎರಡು ಸಲ ಓದಿಸಿ, ಎರಡು ಗೆರೆ ಎಳೆದು, ಒಂದಕ್ಕೆ ನನ್ನ ಹೆಸರಿಟ್ಟಿದ್ದೆ. ನನ್ನ ನಿಜವಾದ ಅಂಕಿಗಳನ್ನು ಹುಡುಕಿ ತೆಗೆದರೆ, ಕೋಶ ಅರ್ಧ ದಾರಿಯಲ್ಲೇ ನೀರು ತುಂಬಿ ಉಸಿರು ನಿಲ್ಲಿಸಿತ್ತು. “ಹಂಗಾದ್ರೆ ಆರು ವರ್ಷ ನೀವು ಎಂತ ಮಾಡಿದ್ರಿ?” ಎಂದಳು ಸುಮಾ. ಚುಚ್ಚಲು ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ನನಗೆ ಅಳು ಬಂದದ್ದು ಅದಕ್ಕೇ.

ಸುಬ್ರಾಯರಿಗೆ ಫೋನ್ ಮಾಡಿ, “ಮಾವ, ಲೆಕ್ಕ ತಪ್ಪಿದೆ, ಸನ್ಮಾನ ಬೇಡ” ಎಂದೆ.

“ಬೇಡ ಅನ್ನೋರಿಗೇ ಮಾಡ್ಬೇಕು ಮಾರಾಯ್ರೆ. ಎರಡೂವರೆಗೆ ಬಂದ್ಬಿಡಿ, ಹಾರ ಕಟ್ಟಿಸಿ ಆಗಿದೆ” ಎಂದು ಫೋನಿಟ್ಟರು.

ಸುಮಾಳೊಂದಿಗೆ ಶೃಂಗೇರಿಯ ಬಸ್ಸು ಹತ್ತಿದೆ. ಹರಿಹರಪುರ ದಾಟುವ ಹೊತ್ತಿಗೆ ಬಸ್ಸಿನಲ್ಲೇ ನಿರ್ಧರಿಸಿದೆ: ವೇದಿಕೆಯಲ್ಲೇ ನಿಜ ಹೇಳಿಬಿಡುವುದು. ಸಭೆಯಲ್ಲಿ, ಗಾಳಿಯಿಂದ ಕರೆಂಟು ತೆಗೆದ ಮಹನೀಯರೆಂದು ನನ್ನನ್ನು ಪರಿಚಯಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೈಕು ಹಿಡಿದು, “ನಾನು ಈ ಸನ್ಮಾನಕ್ಕೆ ಅರ್ಹನಲ್ಲ” ಎಂದೆ. ಚಪ್ಪಾಳೆ ಬಿತ್ತು. ಆಗ ಹೊಳೆಯಿತು, ಆ ವೇದಿಕೆ ಹತ್ತಿದವರೆಲ್ಲ ಶುರುಮಾಡುವುದೇ ಹಾಗೆ. ಕಳೆದ ವರ್ಷದ ಗುಮಾಸ್ತರೂ ಅದನ್ನೇ ಅಂದಿದ್ದರು. “ದಯವಿಟ್ಟು ಕೇಳಿ, ಇದರಲ್ಲಿ ನನ್ನದು ಏನೂ ಇಲ್ಲ, ಎಲ್ಲ ಬೇರೆಯವರ ಅಂಕಿಗಳು” ಎಂದೆ. ಇನ್ನೂ ಜೋರಾಗಿ ತಟ್ಟಿದರು. “ನನ್ನ ಆರು ವರ್ಷ ದಂಡವಾಯಿತು” ಎಂದೆ. ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಸುಬ್ರಾಯರು ಎದ್ದು, “ಇಷ್ಟು ಓದಿದ್ರೂ ನಂದು ಎಂತದೂ ಇಲ್ಲ ಅಂತಾರಲ್ಲ, ನಾವೆಲ್ಲ ಕಲೀಬೇಕಾದ್ದು ಇದನ್ನೇ” ಎಂದರು. ಚಪ್ಪಾಳೆ ತಟ್ಟದೆ ತಲೆ ತಗ್ಗಿಸಿ ಕೂತಿದ್ದವಳು ಸುಮಾ ಒಬ್ಬಳೇ.

ಮರುದಿನ ಗೈಡಿಗೂ ಇದನ್ನೇ ಬರೆದೆ. ನನ್ನ ಮಾತನ್ನು ಅಕ್ಷರಶಃ ನಂಬಿದವರು ಅವರೊಬ್ಬರೇ. ಗಡುವು ಮುಗಿಯಿತು, ಪದವಿ ಬರಲಿಲ್ಲ. ಅದನ್ನಾದರೂ ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಇನ್ನೊಂದಿದೆ, ಇದುವರೆಗೆ ಸುಮಾಳಿಗೂ ಹೇಳಿಲ್ಲ. ಅಂದು ಚಪ್ಪಾಳೆ ನಿಂತ ಮೇಲೂ ಮೈಕು ನನ್ನ ಕೈಯಲ್ಲೇ ಇತ್ತು. ಇದು ವಿನಯವಲ್ಲ, ನಿಜ ಎಂದು ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ನನ್ನಲ್ಲಿ ಇಷ್ಟೊಂದು ವಿನಯ ಇದೆಯೆಂದು ಇಷ್ಟು ದಿನ ನನಗೇ ಗೊತ್ತಿರಲಿಲ್ಲವಲ್ಲ ಎಂದು ಹೆಮ್ಮೆಪಡುತ್ತ ನಿಂತಿದ್ದೆ.