ಮಾವನ ಸೋಬಾನೆ ಕ್ಯಾಸೆಟ್ಟು

ನನ್ನ ಸೋದರಮಾವನಿಗೆ ಹಾಡುವುದು ಬರುತ್ತದೆ, ನಿಲ್ಲಿಸುವುದು ಬರುವುದಿಲ್ಲ. ಹರದನಹಳ್ಳಿಯಿಂದ ಚಾಮರಾಜನಗರಕ್ಕೆಂದು ಬಸ್ಸು ಹತ್ತಿದರೂ ಮಡಿಲಲ್ಲಿ ತಂಬೂರಿ ಇರಬೇಕು. ಊರು ಬಂದಾಗ ಪದ ಮುಗಿದಿರದಿದ್ದರೆ ಇಳಿಯುವುದಿಲ್ಲ. ಹೀಗೆ ಎರಡು ಸಲ ಸುಮ್ಮಸುಮ್ಮನೆ ನಂಜನಗೂಡು ನೋಡಿಕೊಂಡು ಬಂದಿದ್ದಾರೆ!

ಇಂಥವರನ್ನು ತೊಂಬತ್ತರ ದಶಕದಲ್ಲಿ ಕ್ಯಾಸೆಟ್ಟಿನವರು ಹುಡುಕಿಕೊಂಡು ಬಂದರು. ಮೈಸೂರಿನ ಸ್ಟುಡಿಯೋದಲ್ಲಿ ಹಳೆಯ ಸೋಬಾನೆ ಪದಗಳನ್ನು ಹಾಡಿಕೊಡಬೇಕಂತೆ. ಮದುವೆಮನೆಯಲ್ಲಿ ಹೆಂಗಸರು ಹಾಡುವ ಪದ ಈ ಗಂಡಸಿಗೆ ಎಲ್ಲಿಂದ ಬಂತು? ಕಲಿಸಿದ್ದು ಅವರಕ್ಕ, ಅಂದರೆ ಭೀಮನಬೀಡಿಗೆ ಸೊಸೆಯಾಗಿ ಬಂದ ನನ್ನ ಅವ್ವ. ಸಾಲು ಮರೆತರೆ ನೆನಪಿಸಲಿ ಎಂದು ಮಾವ ಅವಳನ್ನೂ ಹೊರಡಿಸಿದರು. ಬುತ್ತಿ ಹೊರಲು ನಾನು.

ಒಂದು ಪದ ಆರು ನಿಮಿಷದಲ್ಲಿ ಮುಗಿಯಬೇಕು ಎಂದ ರೆಕಾರ್ಡಿಂಗಿನವನು. ಆರು ನಿಮಿಷದಲ್ಲಿ ಹೆಣ್ಣಿಗೆ ಎಣ್ಣೆ ಹಚ್ಚುವುದೇ ಆಗುವುದಿಲ್ಲ, ಧಾರೆ ಯಾವಾಗ ಎರೆಯಲಿ ಎಂದು ಮಾವ ಕೇಳಿದರು. ಕೊನೆಗೆ ಅರಿಸಿನ ಒಂದು ಬದಿಗೆ, ಧಾರೆ ಇನ್ನೊಂದು ಬದಿಗೆ ಎಂದು ಮದುವೆಯನ್ನೇ ಕ್ಯಾಸೆಟ್ಟಿನ ಎರಡು ಮಗ್ಗುಲಿಗೆ ಹಂಚಲಾಯಿತು.

ಮೊದಲ ಸಾಲು ಹಾಡಿ ಮಾವ ಸುಮ್ಮನೆ ಕೂತರು. ಹಿಂದಿನಿಂದ ಸೊಲ್ಲು ಹಿಡಿದು ದನಿಗೂಡಿಸುವವರಿಲ್ಲದೆ ಪದ ಮುಂದಕ್ಕೆ ಹೋಗುವುದಿಲ್ಲವಂತೆ. ಆಮೇಲೆ ಬೇರೆಯವರ ದನಿ ಸೇರಿಸುತ್ತೇನೆ ಎಂದು ರೆಕಾರ್ಡಿಂಗಿನವನು ಹೇಳಿದರೂ ಕೇಳಲಿಲ್ಲ. ಎದ್ದು, ಗಾಜಿನಾಚೆಯ ಬೆಂಚಿನಲ್ಲಿದ್ದ ಅವ್ವನ ಬಳಿ ಬಂದರು.

"ನಾನು ಆಡಬಾರ್ದು ಕಣಪ್ಪ," ಎಂದಳು ಅವ್ವ.

ಅಪ್ಪ ತೀರಿಕೊಂಡ ಮೇಲೆ ಅವಳು ಸೋಬಾನೆಗೆ ಬಾಯಿ ತೆರೆದಿರಲಿಲ್ಲ. ಅದು ಮುತ್ತೈದೆಯರ ಪದ. ಚಪ್ಪರದ ಕೆಳಗೆ ಅವಳನ್ನು ಯಾರೂ ಕರೆಯುತ್ತಲೂ ಇರಲಿಲ್ಲ.

"ಇಲ್ಲೇನು ಚಪ್ಪರ ಆಕವ್ರಾ? ಇದು ಬರೀ ಗಾಜಿನ ರೂಮು ಕಣಕ್ಕ. ಬಾ."

ಹೋದಳು. ಮೊದಲ ಪದಕ್ಕೆ ತಮ್ಮನ ಹಿಂದೆ ಸೊಲ್ಲು ಹಿಡಿದಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳು ಮುಂದೆ, ಮಾವ ಹಿಂದೆ. ನಡುವೆ ಅವಳು "ಅಂಗಲ್ಲ ಕಣ್ಲಾ" ಎಂದು ತಮ್ಮನನ್ನು ತಿದ್ದಿದ್ದೂ ಟೇಪಿಗೆ ಬಿತ್ತು. ಅಳಿಸುತ್ತೇನೆಂದ ರೆಕಾರ್ಡಿಂಗಿನವನಿಗೆ, ಅದನ್ನು ತೆಗೆದರೆ ಪದವನ್ನೇ ತೆಗೆದುಬಿಡು ಎಂದರು ಮಾವ. ಹಾಗೇ ಉಳಿಯಿತು.

ಮರುವರ್ಷ ಗುಂಡ್ಲುಪೇಟೆಯಲ್ಲಿ ನನ್ನ ತಂಗಿಯ ಮದುವೆ. ಧಾರೆಯ ಹೊತ್ತಿಗೆ ಅವ್ವ ಅಡುಗೆಯವರ ನಡುವೆ ಹೋಗಿ ಸೇರಿಕೊಂಡಳು. ಮಾವ ಮೈಕ್‌ಸೆಟ್ಟಿನವನ ಹತ್ತಿರ ಹೋಗಿ ಜುಬ್ಬದ ಜೇಬಿನಿಂದ ಕ್ಯಾಸೆಟ್ಟು ತೆಗೆದುಕೊಟ್ಟರು. ಅವ್ವನ ದನಿ ಚಪ್ಪರದ ತುಂಬ ತುಂಬಿಕೊಂಡಿತು. ಹಸೆಯ ಮೇಲಿದ್ದ ತಂಗಿ ತಟ್ಟನೆ ತಲೆಯೆತ್ತಿದಳು.

ಇಷ್ಟು ಚೆನ್ನಾಗಿ ಹಾಡುತ್ತಿರುವವರು ಯಾರೆಂದು ಗಂಡಿನ ಅಜ್ಜಿ ವಿಚಾರಿಸಿದರು.

"ಎಣ್ಣಿನ ಅವ್ವ ಕಣಜ್ಜಿ," ಎಂದರು ಮಾವ.

ಅಜ್ಜಿ ಪಕ್ಕದ ಹೆಂಗಸಿಗೆ ಸರಿದು ಕೂರಲು ಹೇಳಿ, ಅವ್ವನನ್ನು ಕರೆದುಕೊಂಡು ಬಾ ಎಂದು ನನ್ನನ್ನು ಕಳುಹಿಸಿದರು.