ಕಾಫಿಗೆ ಅಡ್ಡ ಬಂದ ಊದುಬತ್ತಿ

ಕೆಲವರ ಉದ್ಯೋಗವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಮೇಷ್ಟ್ರು ಪಾಠ ಹೇಳುತ್ತಾರೆ, ಡ್ರೈವರು ಬಸ್ಸು ಓಡಿಸುತ್ತಾನೆ. ನಾನು ಮೈಸೂರಿನ ಒಂದು ಊದುಬತ್ತಿ ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದೆ. ಹಾಗೆಂದರೇನೆಂದು ನಮ್ಮ ಅತ್ತೆಗೆ ವಿವರಿಸಲು ಹೋಗಿ ಸೋತವನು ನಾನು. "ಬತ್ತಿ ನೀವು ಹೊಸೀತೀರಾ?" ಎಂದು ಕೇಳಿದರು. ಇಲ್ಲವೆಂದೆ. "ಮಾರ್ತೀರಾ?" ಅದಕ್ಕೆ ಬೇರೆಯವರಿದ್ದಾರೆ ಎಂದೆ. "ಮತ್ತೆ ನೀವೇನ್ಮಾಡ್ತೀರಿ?" ಜನಕ್ಕೆ ಎಂಥ ಬತ್ತಿ ಬೇಕು ಎಂದು ಯೋಚನೆ ಮಾಡುತ್ತೇನೆ ಎಂದೆ. ಅತ್ತೆ ಮಗಳ ಕಡೆ ತಿರುಗಿ, "ಯೋಚನೆ ಮಾಡೋದಕ್ಕೂ ಸಂಬಳ ಕೊಡ್ತಾರೇನೇ, ಸುಶೀಲ?" ಎಂದರು. ನನ್ನ ಹೆಂಡತಿ ಸುಶೀಲ ಅಡಿಗೆಮನೆಗೆ ಹೋಗಿ ನಕ್ಕಳು.

ನಿಜ ಹೇಳಬೇಕೆಂದರೆ ನನಗೆ ಆ ಕೆಲಸಕ್ಕಿಂತ ಆ ಕೆಲಸ ಕೊಟ್ಟ ಕಿಟಕಿಯ ಮೇಲೆ ಪ್ರೀತಿ. ಮೊದಲು ನಾನು ಹೆಡ್ಡಾಫೀಸಿನ ಗೋದಾಮಿನ ಪಕ್ಕದಲ್ಲಿ, ಸುಗಂಧದ ಡಬ್ಬಗಳ ನಡುವೆ ಸೀನುತ್ತ ಕೂತಿದ್ದವನು. ಅಲ್ಲಿ ಕಿಟಕಿಯೇ ಇರಲಿಲ್ಲ. ಆಂಧ್ರದ ಮಾರುಕಟ್ಟೆ ನೋಡಿಕೊಳ್ಳಲು ನನ್ನನ್ನು ವಿಶಾಖಪಟ್ಟಣಕ್ಕೆ, ಎಲ್ಲರ ಬಾಯಲ್ಲಿ ವೈಜಾಗಿಗೆ, ಕಳಿಸಿದಾಗ ಮಹಡಿಯ ಮೇಲಿನ ಒಂದೇ ಕೋಣೆಯ ಆಫೀಸು ಸಿಕ್ಕಿತು, ಅದರ ಕಿಟಕಿಯ ತುಂಬ ಸಮುದ್ರ. ಹಡಗೊಂದು ದೂರದಲ್ಲಿ ನಿಂತಿರುತ್ತಿತ್ತು. ಅದು ಹೋಗುತ್ತಿದೆಯೋ ಬರುತ್ತಿದೆಯೋ ಎಂದು ನೋಡುತ್ತ ಕೂತರೆ ಮಧ್ಯಾಹ್ನವಾಗುತ್ತಿತ್ತು. ಪ್ರಾಡಕ್ಟ್ ಮ್ಯಾನೇಜರಿಗೆ ಕನಸು ಕಾಣುವ ಶಕ್ತಿ ಇರಬೇಕು, ಆಮೇಲೆ ಕಿವಿ ತೆರೆದಿರಬೇಕು ಎಂದು ನಮ್ಮ ಜನರಲ್ ಮ್ಯಾನೇಜರು ತರಬೇತಿಯಲ್ಲಿ ಹೇಳಿದ್ದರು. ಮೊದಲನೆಯದು ನನ್ನಲ್ಲಿ ಬೇಕಾದಷ್ಟಿತ್ತು. ಎರಡನೆಯದೂ ಇದೆಯೆಂದೇ ನಂಬಿದ್ದೆ.

ಒಂದು ಸಂಜೆ ನಾನೂ ಸುಶೀಲಳೂ ಸಿಂಹಾಚಲಂ ಬೆಟ್ಟ ಇಳಿಯುತ್ತಿದ್ದೆವು. ವರ್ಷಕ್ಕೊಂದು ದಿನ ಬಿಟ್ಟರೆ ಸದಾ ಗಂಧದ ಲೇಪದೊಳಗೇ ಇರುವ ಸ್ವಾಮಿಯ ದರ್ಶನ ಮಾಡಿ ಬಂದವನಿಗೆ ಮೆಟ್ಟಿಲ ಮೇಲೆಲ್ಲ ಅದೇ ವಾಸನೆ, ಕೆಳಗೆ ಸಂಪಿಗೆಯ ಬುಟ್ಟಿಗಳು, ಬಿಸಿಲು ಹೋದ ಮೇಲಿನ ತಂಪು. ಮನೆಯ ಊದುಬತ್ತಿ ಮನಸ್ಸು ನಿಲ್ಲುವ ಮೊದಲೇ ಮುಗಿದುಹೋಗುತ್ತದಲ್ಲ, ಹೀಗೆ ಮುಗಿಯದೇ ಇರುವ ಬತ್ತಿಯೊಂದು ಇದ್ದರೆ ಎಂಬ ಕನಸು ಅಲ್ಲಿಯೇ ಹುಟ್ಟಿತು. ಮೈಸೂರಿಗೆ ಟ್ರಂಕ್ ಕಾಲ್ ಮಾಡಿ ಕಿರುಚಿ ಕಿರುಚಿ ವಿವರಿಸಿದೆ. ಉದ್ದನೆಯ, ದಪ್ಪನೆಯ, ನಿಧಾನವಾಗಿ ಉರಿಯುವ ಗಂಧದ ಬತ್ತಿ ತಯಾರಾಗಿ ಬಂತು. ಜೊತೆಗೆ ಜನರಲ್ ಮ್ಯಾನೇಜರರ ಮಾತೂ ಬಂತು: "ಸಂಕ್ರಾಂತಿಯೊಳಗೆ ಇದು ಓಡ್ಲಿಲ್ಲ ಅಂದ್ರೆ ವೈಜಾಗ್ ಆಫೀಸ್ ಮುಚ್ಚೋದೇ ಕಣ್ರೀ. ನಿಮ್ಮ ಹಳೇ ಟೇಬಲ್ ಇಲ್ಲಿ ಹಾಗೇ ಇದೆ." ಆ ಟೇಬಲ್ಲಿನ ನೆನಪಿಗೇ ನನಗೆ ಸೀನು ಬಂತು.

ಮೊದಲ ಬತ್ತಿಯನ್ನು ನಮ್ಮ ದೇವರ ಮುಂದೆಯೇ ಹಚ್ಚಿಸಿದೆ. ಸುಶೀಲ ತವರಿನಿಂದ ತಂದ ಒಂದು ಪದ್ಧತಿ: ದೇವರ ಮುಂದಿನ ಬತ್ತಿ ಉರಿದು ಮುಗಿಯುವ ತನಕ ಯಾರೂ ಕಾಫಿ ಮುಟ್ಟುವಂತಿಲ್ಲ. ಮಾಮೂಲು ಬತ್ತಿಯಾದರೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮುಗಿದಿರುತ್ತಿತ್ತು. ನನ್ನ ಬತ್ತಿ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಹಾಲು ಉಕ್ಕಿ, ಆರಿ, ಕೆನೆ ಕಟ್ಟಿತು. ಮಾರನೆಯ ದಿನ ಅವಳು ಬತ್ತಿಯನ್ನು ಎರಡು ತುಂಡು ಮಾಡಿ ಒಂದನ್ನು ಮಾತ್ರ ಹಚ್ಚಿದ್ದು ನೋಡಿ ನನಗೆ ಸಿಟ್ಟು ಬಂತು. ಕಂಪನಿಯ ಕನಸನ್ನು ಮುರಿಯುತ್ತೀಯಾ ಎಂದೆ. "ಕನಸು ಚೆನ್ನಾಗೇ ಇದೆ. ಆದ್ರೆ ಇದು ಮುಗಿಯೋ ಹೊತ್ತಿಗೆ ನೀವು ಆಫೀಸಲ್ಲಿರ್ತೀರಿ, ನಾನು ತಲೆನೋವು ಹಿಡ್ಕೊಂಡು ಕೂತಿರ್ತೀನಿ" ಎಂದಳು. ಸುಶೀಲ, ನೀನು ಮಾರುಕಟ್ಟೆಯಲ್ಲ ಎಂದು ಗಂಭೀರವಾಗಿ ಹೇಳಿ, ಕಾಫಿಯಿಲ್ಲದೆಯೇ ವಿಜಯವಾಡದ ರೈಲು ಹತ್ತಿದೆ.

ವಿಜಯವಾಡದ ಒನ್ ಟೌನ್ ಎಂದರೆ ಸಗಟು ಅಂಗಡಿಗಳ ಗಲ್ಲಿಗಳು. ಅಲ್ಲಿ ಅಂಗಡಿ ಅಂಗಡಿಗೂ ಹೋಗಿ ಹೊಸ ಬತ್ತಿ ಹೇಗಿದೆ ಎಂದು ವಿಚಾರಿಸಿದೆ. ಎಲ್ಲರದೂ ಒಂದೇ ಉತ್ತರ: "ಚಾಲಾ ಬಾಗುಂದಂಡಿ." ತುಂಬಾ ಚೆನ್ನಾಗಿದೆ ಎಂಬುದನ್ನು ಅಷ್ಟು ಮರ್ಯಾದೆಯಿಂದ ಹೇಳುವ ಭಾಷೆ ಇನ್ನೊಂದಿರಲಾರದು. ನಾನು ಉಬ್ಬಿಹೋಗಿ ವೈಜಾಗಿಗೆ ಮರಳಿ, ಹಡಗು ನೋಡುತ್ತ ಆರ್ಡರಿಗಾಗಿ ಕಾದೆ. ಆರ್ಡರು ಬರಲಿಲ್ಲ. ಮತ್ತೆ ಹೋದೆ, ಮತ್ತೆ ಚಾಲಾ ಬಾಗುಂದಂಡಿ. ಮನೆಗೆ ಬಂದ ಅತಿಥಿಗೆ ಅವನ ಮಗು ಕುರೂಪಿ ಎಂದು ಯಾರೂ ಹೇಳುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಸಂಕ್ರಾಂತಿ ಹತ್ತಿರ ಬಂತು. ನಾನು ಕಿಟಕಿಗೆ ಬೆನ್ನು ಮಾಡಿ ಕೂರತೊಡಗಿದೆ.

ಕೊನೆಯ ಸಲ ಹೋದದ್ದು ಬೆಳಿಗ್ಗೆಯೇ. ಕೋಟೇಶ್ವರರಾಯರೆಂಬ ಹಿರಿಯ ವ್ಯಾಪಾರಿ ಆಗತಾನೇ ಅಂಗಡಿ ತೆರೆದು ನನ್ನ ಬತ್ತಿಯನ್ನೇ ದುರ್ಗಮ್ಮನ ಪಟಕ್ಕೆ ಹಚ್ಚಿದರು. ಬಹುಶಃ ನನ್ನ ಮುಖ ನೋಡಿ. ಎದುರಿನ ಹೋಟೆಲಿನಿಂದ ಕಾಫಿ ಬಂತು. ಅವರು ಲೋಟ ಮುಟ್ಟಲಿಲ್ಲ, ಬತ್ತಿಯ ತುದಿಯನ್ನೇ ನೋಡುತ್ತ ಕೂತರು. ಕಾಫಿ ಆರುತ್ತದೆ, ತೆಗೆದುಕೊಳ್ಳಿ ಎಂದೆ. ಅವರು ಸಂಕೋಚದಿಂದ ತೆಲುಗಿನಲ್ಲಿ ಹೇಳಿದ್ದು ಇಷ್ಟು: "ಅಮ್ಮನವರ ಮುಂದೆ ಬತ್ತಿ ಉರೀತಿರೋವಾಗ ಹೇಗೆ ಕುಡೀಲಿ ಸಾರ್? ಈ ಸಾಲಿನಲ್ಲಿ ಯಾರೂ ಕುಡಿಯೋದಿಲ್ಲ, ಕೊಳ್ಳೋರ ಮನೇಲೂ ಅಷ್ಟೆ. ನಿಮ್ಮ ಬತ್ತಿ ತುಂಬಾ ಚೆನ್ನಾಗಿದೆ. ಆದ್ರೆ ಕಾಫಿ ಮಧ್ಯಾಹ್ನದ ಊಟಕ್ಕೆ ಹೋಗಿ ಸೇರುತ್ತೆ." ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಮನೆಯ ಮಾರುಕಟ್ಟೆ ತಿಂಗಳುಗಳ ಹಿಂದೆಯೇ ಇದನ್ನು ಪುಕ್ಕಟೆಯಾಗಿ ತಿಳಿಸಿತ್ತು.

ಬತ್ತಿಯನ್ನು ಅರ್ಧಕ್ಕಿಳಿಸಿದೆವು. ಗಂಧ ಅದೇ, ಹೆಸರು ಅದೇ. ಒನ್ ಟೌನಿನಲ್ಲಿ ಈ ಸಲ ಯಾರೂ ಬಾಗುಂದಂಡಿ ಎನ್ನಲಿಲ್ಲ, ಸುಮ್ಮನೆ ಪೆಟ್ಟಿಗೆ ಪೆಟ್ಟಿಗೆ ತರಿಸಿಕೊಂಡರು. ಸಂಕ್ರಾಂತಿಗೆ ಸರಕು ಸಾಲದೆ ಹೋಯಿತು. ಆಫೀಸು ಉಳಿಯಿತು, ಸಮುದ್ರ ಉಳಿಯಿತು ಎಂದು ನಾನೂ ಸುಶೀಲಳೂ ಬೀಚಿಗೆ ಹೋಗಿ ಮೆಣಸಿನಕಾಯಿ ಬಜ್ಜಿ ತಿಂದು ಕಣ್ಣೀರು ಸುರಿಸಿದೆವು. ಆನಂದವೂ ಇತ್ತು, ಖಾರವೂ ಇತ್ತು.

ಮುಂದಿನ ವಾರ ಜನರಲ್ ಮ್ಯಾನೇಜರು ಖುದ್ದಾಗಿ ಬಂದರು. ನನ್ನ ಕಿಟಕಿಯ ಬಳಿ ನಿಂತು, ಇಂಥ ಕಿವಿಯಿರುವವನು ಈ ಮೂಲೆಯಲ್ಲಿರಬಾರದು, ಬಡ್ತಿಯ ಮೇಲೆ ಹೆಡ್ಡಾಫೀಸಿಗೆ ಕರೆಸಿಕೊಳ್ಳುತ್ತಿದ್ದೇನೆ ಎಂದರು. ಅವರ ಹೆಗಲಿನಾಚೆ ಹಡಗು ಕಾಣುತ್ತಿತ್ತು. ಬೇಡ ಸಾರ್, ನನ್ನನ್ನು ಇಲ್ಲೇ ಬಿಡಿ ಎಂಬ ಮಾತು ಗಂಟಲ ತನಕ ಬಂತು. "ಸಂಕೋಚ ಬೇಡ, ಮನಸ್ಸಿಗೆ ಬಂದದ್ದು ಹೇಳ್ರೀ. ಸಂತೋಷ ತಾನೆ?" ಎಂದು ಕೇಳಿದರು.

"ತುಂಬಾ ಸಂತೋಷ ಸಾರ್" ಎಂದೆ. ಅವರೂ ಒಂದು ಕಾಲದಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದವರು. ನಂಬಿಬಿಟ್ಟರು.