ಹೆಸರು ಹೇಳಬಾರದ್ದೊಂದು ಬಂದಿದೆ

ಮರುಳಸಿದ್ದಪ್ಪ ಮೇಷ್ಟ್ರು ಹೊಸ ಯಂತ್ರದ ಮೇಲಿದ್ದ ಟವೆಲ್ಲನ್ನು ಠೀವಿಯಿಂದ ಎಳೆದರು. ಹಿತ್ತಲಲ್ಲಿ ನೋಡಲು ನಿಂತವರು ಇಬ್ಬರೇ. ಹೆಂಡತಿ ಸರ್ವಮಂಗಳ, ಒಂದು ಕಾಲು ಅಡುಗೆಮನೆಯಲ್ಲಿಟ್ಟುಕೊಂಡೇ. ಪಕ್ಕದ ಮನೆಯ ಹೊನ್ನಗಿರಿಗೌಡರು, ಕೈಯಲ್ಲಿ ಬಿದಿರು ದೊಣ್ಣೆ ಹಿಡಿದುಕೊಂಡೇ. ತಿಪಟೂರಿನ ಅಂಚಿನ ಆ ಬಡಾವಣೆಯಲ್ಲಿ ಮನೆಗಳಿಗಿಂತ ಕಳೆ ಬೆಳೆದ ಖಾಲಿ ಸೈಟುಗಳೇ ಹೆಚ್ಚು. ಹಾವು ಕಂಡರೆ ಯಾವ ಹಾವೆಂದು ಕೇಳುವ ಅಭ್ಯಾಸ ಗೌಡರಿಗಿರಲಿಲ್ಲ. ಹೊಡೆದ ಮೇಲೂ ಕೇಳುತ್ತಿರಲಿಲ್ಲ.

ಕೆಟ್ಟ ಮಿಕ್ಸಿಯ ಮೈ, ನೆತ್ತಿಯಲ್ಲಿ ತಿರುಗುವ ಕ್ಯಾಮೆರಾ, ಪಕ್ಕದಲ್ಲಿ ತರಕಾರಿ ಗಾಡಿಯವನ ಹಳೇ ಸ್ಪೀಕರ್. ಇಷ್ಟೇ ಯಂತ್ರ.

"ಹೊಟ್ಟೆ ಮೇಲೆ ತೆವಳೋದು ಏನೇ ಬಂದ್ರೂ ಇದು ಬಿಡಲ್ಲ ಗೌಡ್ರೆ. ಹೆಸರು, ಉದ್ದ, ವಿಷ ಇದ್ಯೋ ಇಲ್ವೋ, ಎಲ್ಲಾ ಹೇಳುತ್ತೆ."

"ಹೇಳಿದ್ಮೇಲೆ ನಾನೇನ್ ಮಾಡ್ಬೇಕು?"

"ವಿಷ ಇಲ್ದಿದ್ರೆ ಸುಮ್ನೆ ಮನೇಗೆ ಹೋಗ್ಬೇಕು."

ಸರ್ವಮಂಗಳೆಗೆ ಬೇಕಾದದ್ದೂ ಅಷ್ಟೇ. ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಒಂದು ಕೇರೆಹಾವು ಸೇರಿಕೊಂಡಿತ್ತು. ಅದು ಬಂದ ಮೇಲೆ ಬಚ್ಚಲು ಕೊರೆಯುತ್ತಿದ್ದ ಹೆಗ್ಗಣಗಳು ಹೇಳಹೆಸರಿಲ್ಲದಂತೆ ಮಾಯವಾಗಿದ್ದವು. ಮೊದಮೊದಲು ಹೆದರಿದ್ದವಳಿಗೆ ಈಗ ಅದರ ಮೇಲೆ ಪ್ರೀತಿಯೇ ಹುಟ್ಟಿತ್ತು. ಎಲ್ಲಿ ಗೌಡರ ದೊಣ್ಣೆಗೆ ಸಿಕ್ಕುಬಿಡುತ್ತದೋ ಎಂಬ ದಿಗಿಲಿನಲ್ಲಿ ಅಡುಗೆಮನೆಗೂ ಹಿತ್ತಲಿಗೂ ಓಡಾಡುತ್ತ ದಿನವೂ ಒಗ್ಗರಣೆ ಸೀಯಿಸುತ್ತಿದ್ದಳು.

ಮಾರನೆಯ ಬೆಳಿಗ್ಗೆ ಯಂತ್ರ ಬೀದಿಯ ಕೊನೆಗೂ ಕೇಳುವಂತೆ ಕೂಗಿತು: "ಕೇರೆಹಾವು. ಆರು ಅಡಿ. ವಿಷವಿಲ್ಲ. ಹೊಡೆಯಬೇಡಿ."

ಗೌಡರ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಉಳಿದದ್ದನ್ನು ಅದು ಹೇಳಿ ಮುಗಿಸುವಷ್ಟರಲ್ಲಿ ಅವರು ಬೇಲಿ ಹಾರಿ, "ಎಲ್ರೂ ದೊಣ್ಣೆ ತಗೊಂಡ್ ಬರ್ರೋ" ಎಂದು ಬೀದಿಯನ್ನೇ ಎಬ್ಬಿಸಿದ್ದರು. ಕೇರೆ ಕಲ್ಲಿನಡಿ ನುಸುಳಿ ಕೂದಲೆಳೆಯಲ್ಲಿ ಪಾರಾಯಿತು.

"ರೀ, ನಿಮ್ಮ ಯಂತ್ರ ಹಾವನ್ನ ಉಳಿಸ್ತಿಲ್ಲ. ಅದರ ವಿಳಾಸ ಕೊಡ್ತಿದೆ."

"ಇನ್ನೂ ಸ್ವಲ್ಪ ಚುರುಕು ಮಾಡಿದ್ರೆ ಸರಿಹೋಗುತ್ತೆ ಕಣೆ."

ಚುರುಕಾದದ್ದೇ ತಡ, ಅದಕ್ಕೆ ಬಾಯಿ ಮುಚ್ಚಲು ಪುರುಸೊತ್ತಿಲ್ಲ. ಮೋರಿಯಲ್ಲಿ ನೀರುಹಾವು, ವಿಷವಿಲ್ಲ. ಹಿಂದಿನ ಮನೆಯ ಗಿಡಕ್ಕೆ ನೀರು ಬಿಡುವ ಪೈಪು ಹಸಿರುಹಾವು, ಮೂವತ್ತು ಅಡಿ, ವಿಷವಿಲ್ಲ. ವರ್ಷಕ್ಕೊಂದೋ ಎರಡೋ ಹಾವು ನೋಡುತ್ತಿದ್ದ ಬೀದಿ ಈಗ ಗಳಿಗೆಗೊಂದರ ಸುದ್ದಿ ಕೇಳತೊಡಗಿತು. ವಿಷವಿಲ್ಲವೆಂದು ನೆಮ್ಮದಿ ಪಟ್ಟವರು ಯಾರೂ ಇಲ್ಲ. ಇಷ್ಟೊಂದು ಇವೆಯೇ ಎಂದು ಎಲ್ಲರೂ ಕುರ್ಚಿಯ ಮೇಲೆ ಕಾಲು ಮಡಚಿ ಕೂತರು. ಗೌಡರಂತೂ ಆ ಪೈಪಿಗೂ ನಾಲ್ಕು ಬಿಗಿದು ಬಂದರು.

ಸಂಜೆ ಸರ್ವಮಂಗಳೆಯ ಅತ್ತೆ ಮಗನ ಮೇಲೆ ರೇಗಿದರು. "ಲೋ ಸಿದ್ದಾ, ದೀಪ ಹಚ್ಚಿದ್ಮೇಲೆ ಅದರ ಹೆಸರು ಎತ್ತಬಾರದು ಅಂತ ನಿನ್ನ ಡಬ್ಬಕ್ಕೆ ಗೊತ್ತಿಲ್ವೇನೋ?"

ಮೇಷ್ಟ್ರು ಅಮ್ಮನ ಮಾತು ಮೀರುವವರಲ್ಲ, ತಕ್ಷಣ ತಿದ್ದಿದರು. ಆಮೇಲೆ ಕತ್ತಲಾದರೆ ಯಂತ್ರ ದನಿ ತಗ್ಗಿಸಿ, "ಹೆಸರು ಹೇಳಬಾರದ್ದೊಂದು ಬಂದಿದೆ" ಎನ್ನತೊಡಗಿತು. ಅದನ್ನು ಕೇಳಿದ ಮೇಲೆ ಬೀದಿಯಲ್ಲಿ ಬಚ್ಚಲಿಗೆ ಒಬ್ಬರೇ ಹೋಗುವವರು ಇಲ್ಲದಾದರು.

ಕೇರೆಯನ್ನು ಮುಗಿಸದೆ ತಮಗೆ ನಿದ್ದೆಯಿಲ್ಲವೆಂದು ಗೌಡರು ತೀರ್ಮಾನಿಸಿದರು. ಒಂದು ದಿನ ಕತ್ತಲಾದ ಮೇಲೆ ಬೇಲಿಯ ಸಂದಿಯಲ್ಲಿ ನುಸುಳಿ, ಒಗೆಯುವ ಕಲ್ಲಿನ ಹಿಂದೆ ಬೋರಲು ಮಲಗಿ ಸದ್ದಿಲ್ಲದೆ ತೆವಳಿದರು. ಯಂತ್ರ ಕತ್ತು ತಿರುಗಿಸಿತು.

"ಹೆಸರು ಹೇಳಬಾರದ್ದೊಂದು ಬಂದಿದೆ. ಐದೂವರೆ ಅಡಿ. ಏನನ್ನೋ ನುಂಗಿ ಹೊಟ್ಟೆ ಉಬ್ಬಿದೆ. ವಿಷವಿಲ್ಲ. ಹೊಡೆಯಬೇಡಿ."

ಗೌಡರೇ ಪಳಗಿಸಿದ ಬೀದಿ. ದೊಣ್ಣೆ, ಒನಕೆ, ಪೊರಕೆ ಸಮೇತ ಎಲ್ಲರೂ ನುಗ್ಗಿದರು. ಮೊದಲ ಏಟು ಗೌಡರ ಸೊಂಟಕ್ಕೇ ಬಿತ್ತು. ಅವರ ಕೂಗಿಗೆ ಸರ್ವಮಂಗಳ ಟಾರ್ಚ್ ಹಿಡಿದು ಓಡಿಬಂದಳು. ಗಲಾಟೆಗೆ ಬೆದರಿದ ಕೇರೆ ಕಲ್ಲಿನಡಿಯಿಂದ ಹೊರಬಂದು ಸರಸರನೆ ಗೌಡರ ಬೆನ್ನಿನ ಮೇಲೆ ಹತ್ತಿ, ಅಲ್ಲೇ ನಿಂತಿತು. ದೊಣ್ಣೆಗಳೆಲ್ಲ ಒಟ್ಟಿಗೆ ಮೇಲೆದ್ದವು.

"ಹೊಡೀಬೇಡ್ರೋ!" ಗೌಡರು ಅರಚಿದರು. "ಕೇರೆಹಾವು ಕಣ್ರೋ ಇದು, ಬರೀ ಕೇರೆಹಾವು! ವಿಷ ಇಲ್ಲ! ಇಲಿ ಹೆಗ್ಗಣ ತಿನ್ಕೊಂಡು ಅದರ ಪಾಡಿಗೆ ಅದು ಇರುತ್ತೆ, ಪಾಪದ್ದು!"

ದೊಣ್ಣೆಗಳು ಒಂದೊಂದಾಗಿ ಇಳಿದವು. ಕೇರೆ ನಿಧಾನವಾಗಿ ಗೌಡರ ಮೇಲಿಂದ ಇಳಿದು ಮತ್ತೆ ಕಲ್ಲಿನಡಿ ಸೇರಿತು. ಸರ್ವಮಂಗಳೆಗೆ ಹೋದ ಜೀವ ಬಂದಂತಾಯಿತು. ಯಂತ್ರ ಬಾಯಿ ಬಿಡಲಿಲ್ಲ. ಅದು ಹೇಳಬೇಕಾದದ್ದನ್ನೆಲ್ಲ ಗೌಡರೇ ಹೇಳಿ ಮುಗಿಸಿದ್ದರು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಮಾತ್ರ ಮುಖ ಸಿಂಡರಿಸಿದರು.

"ದೀಪ ಹಚ್ಚಿದ ಮೇಲೆ ಎರಡೆರಡು ಸಲ ಹೆಸರು ಹೇಳಿಬಿಟ್ರಲ್ಲ ಗೌಡ್ರು."